ಓಡದೆ ಉಳಿದ ಕುದುರೆ

ರೇಸೆಂಬ ಮಾತು ಬಂದೊಡನೆ ಮರ್ಯಾದಸ್ಥರ ಮನೆಗಳಲ್ಲಿ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಆ ಗಂಟಿಗೆ ಕಾರಣವಿಲ್ಲದಿಲ್ಲ. ಆದರೆ ರೇಸಿಗೆ ಹೋಗುವವರಲ್ಲಿ ಎರಡು ಪಂಗಡಗಳುಂಟು. ಹಲಗೆಯ ಮೇಲಿನ ಅಂಕಿಗಳನ್ನು ನೋಡುವವರು ಕೆಲವರು, ಕುದುರೆಯನ್ನು ನೋಡುವವರು ಕೆಲವರು. ನಮ್ಮ ಸೋದರಮಾವ ಒಂದೇ ದಿನದಲ್ಲಿ ಮೊದಲನೆಯ ಪಂಗಡದಿಂದ ಎರಡನೆಯದಕ್ಕೆ ದಾಟಿದರು. ಆ ದಿನ ಅವರ ಜೊತೆಯಲ್ಲಿ ನಾನಿದ್ದೆ.

1960ರ ದಶಕದ ಮಾತು. ನನಗಾಗ ಹನ್ನೆರಡು ವರ್ಷ. ಮಾವ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದು ಶೇಷಾದ್ರಿಪುರದಲ್ಲಿ ನಮ್ಮ ಮನೆಯ ಸಮೀಪದಲ್ಲೇ ವಾಸವಾಗಿದ್ದರು. ರಜೆಯ ದಿನ ನಸುಕಿನಲ್ಲೇ ನನ್ನನ್ನು ಎಬ್ಬಿಸಿ, ಬೆಂಗಳೂರಿನ ರೇಸ್‌ಕೋರ್ಸಿನವರೆಗೆ ನಡೆಸಿಕೊಂಡು ಹೋಗುತ್ತಿದ್ದರು. ಬೇಲಿಯ ಬಳಿ ನಿಂತರೆ ಮೊದಲು ಕೇಳಿಸುತ್ತಿದ್ದುದು ಗೊರಸಿನ ಸಪ್ಪಳ. ಬಳಿಕ ಮೂಗಿನ ಹೊಳ್ಳೆಗಳ ಬುಸುಗುಟ್ಟುವಿಕೆ. ಆಮೇಲೆ ಮಂಜನ್ನು ಸೀಳಿಕೊಂಡು ಕುದುರೆ ಬರುತ್ತಿತ್ತು. ಕ್ಷಣಮಾತ್ರದಲ್ಲಿ ಮತ್ತೆ ಮಂಜು. ತರಬೇತುದಾರರು ಸ್ಟಾಪ್‌ವಾಚು ಹಿಡಿದು, ಒಂದೊಂದು ಫರ್ಲಾಂಗಿಗೆ, ಎಂದರೆ ಸುಮಾರು 200 ಮೀಟರಿಗೆ, ಎಷ್ಟು ಸೆಕೆಂಡು ಹಿಡಿಯಿತೆಂದು ಗುರುತು ಹಾಕಿಕೊಳ್ಳುತ್ತಿದ್ದರು. ಮಾವನೂ ತಮ್ಮ ಕೈಗಡಿಯಾರವನ್ನು ನೋಡಿ ಏನೋ ಬರೆದುಕೊಳ್ಳುತ್ತಿದ್ದರು. ಆ ಲೆಕ್ಕ ಒಮ್ಮೆಯೂ ಸರಿಹೋದದ್ದನ್ನು ನಾನು ಕಾಣೆ.

ಅವರಿಗೆ ಒಂದು ಕಂದುಬಣ್ಣದ ಕುದುರೆಯ ಮೇಲೆ ಬಲು ನಂಬಿಕೆ. ಅದು ಓಡಲಿದ್ದ ದಿನ ಬೆಳಿಗ್ಗೆ ಜಿನುಗುಮಳೆ ಹಿಡಿದಿತ್ತು. ಸಾಯಿಸನು ಅದನ್ನು ನಿಧಾನವಾಗಿ ಸುತ್ತು ಹಾಕಿಸಿ ಬೇಲಿಯ ಹತ್ತಿರಕ್ಕೆ ತಂದ. ವೃದ್ಧ ತರಬೇತುದಾರರೊಬ್ಬರು ಕೊಡೆಯನ್ನು ಪಕ್ಕಕ್ಕಿಟ್ಟು, ಕೆಸರಿನಲ್ಲೇ ಮಂಡಿಯೂರಿ, ಅದರ ಮುಂಗಾಲನ್ನು ಮೇಲಿನಿಂದ ಕೆಳಗೆ ಅಂಗೈಯಿಂದ ಸವರಿದರು. ಇನ್ನೊಂದು ಕಾಲನ್ನು ಸವರಿದರು. ಮತ್ತೆ ಮೊದಲಿನ ಕಾಲಿಗೆ ಮರಳಿದರು.

“ಬಿಸಿಯಿದೆ. ಇವತ್ತು ಓಡುವುದು ಬೇಡ. ಡಾಕ್ಟರನ್ನು ಕರೆಯಿರಿ” ಎಂದರು.

ಮಾಲೀಕರ ಕಡೆಯವರೊಬ್ಬರು ಸಿಡಿಮಿಡಿಗೊಂಡರು. “ಇಷ್ಟು ಅಲ್ಪ ಬಿಸಿಗೆ ಬಹುಮಾನವನ್ನೇ ಬಿಡುವುದೇ, ಸ್ವಾಮಿ?”

“ಬಿಟ್ಟರೆ ಒಂದು ಬಹುಮಾನ ಹೋದೀತು. ಓಡಿಸಿದರೆ ಕುದುರೆಯೇ ಹೋದೀತು.”

ಆ ಮಾತಿನ ತೂಕ ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಕುದುರೆಯ ಮುಂಗಾಲಿನಲ್ಲಿ ಮಂಡಿಯಿಂದ ಕೆಳಗೆ ಮಾಂಸಖಂಡವಿಲ್ಲ. ಮೂಳೆ, ಚರ್ಮ, ಅವೆರಡರ ನಡುವೆ ಹುರಿಹಗ್ಗದಂತಹ ಸ್ನಾಯುರಜ್ಜು. ಸುಮಾರು 450 ಕಿಲೋ ತೂಗುವ ಪ್ರಾಣಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಧಾವಿಸುವಾಗ, ಊರಿದ ಒಂದು ಕಾಲಿನ ಮೇಲೆ ಬೀಳುವ ಭಾರ ದೇಹದ ತೂಕದ ಎರಡು ಪಾಲನ್ನೂ ಮೀರುತ್ತದೆ. ಆ ಹುರಿಯ ಎಳೆಗಳು ಸಡಿಲಗೊಂಡದ್ದಕ್ಕೆ ಮೊದಲ ಸೂಚನೆಯೇ ಅಂಗೈಗೆ ತಾಕುವ ಬಿಸಿ. ಅದನ್ನು ಕಡೆಗಣಿಸಿದರೆ ಗುಣವಾಗಲು ವರ್ಷವೂ ಹಿಡಿದೀತು, ಗುಣವಾಗದೆಯೂ ಹೋದೀತು.

ಮಾವನ ಜೇಬಿನಲ್ಲಿ ಅಂದು 50 ರೂಪಾಯಿಗಳಿದ್ದವು. ಮನೆಬಾಡಿಗೆಗೆಂದು ನಮ್ಮ ಅಮ್ಮನಿಂದ ಸಾಲ ಪಡೆದ ಹಣ. ನೆಚ್ಚಿದ ಕುದುರೆ ಓಡುವುದಿಲ್ಲವೆಂದಾಗ ಅವರು ಮನೆಗೆ ಮರಳಬಹುದಾಗಿತ್ತು. ಮರಳಲಿಲ್ಲ. ನನ್ನನ್ನು ಮನೆಗೆ ಬಿಟ್ಟು, ಮಧ್ಯಾಹ್ನ ಒಬ್ಬರೇ ಹೋಗಿ, ಹೆಸರನ್ನೂ ಸರಿಯಾಗಿ ಅರಿಯದ ಮತ್ತೊಂದು ಕುದುರೆಯ ಮೇಲೆ ಇದ್ದಷ್ಟನ್ನೂ ಕಟ್ಟಿದರು. ಅದು ಐದನೆಯದಾಗಿ ಬಂತು.

ಸಂಜೆ ನಮ್ಮ ಮನೆಯ ನಡುಮನೆಯಲ್ಲಿ ತಲೆತಗ್ಗಿಸಿ ಕುಳಿತು, “ಅಕ್ಕಾ, ಬಾಡಿಗೆಯ ದುಡ್ಡು ರೇಸಿಗೆ ಹೋಯಿತು” ಎಂದರು. ಅಮ್ಮ ಒಂದು ಮಾತನ್ನೂ ಆಡದೆ ಒಳಗೆ ಹೋಗಿ ತಟ್ಟೆ ಹಾಕಿದಳು. ಕಲಸಿದ ಅನ್ನವನ್ನು ಹಾಗೆಯೇ ಬಿಟ್ಟು ಮಾವ ಹೇಳಿದರು: “ಆ ಮುದುಕ ಓಡಿಸಬಾರದ ದಿನ ಕುದುರೆಯನ್ನು ತಡೆದ. ನಾನು ನನ್ನನ್ನೇ ತಡೆಯಲಾರದೆ ಹೋದೆ.”

ಸಾಲವನ್ನು ತಿಂಗಳಿಗೆ 5 ರೂಪಾಯಿಯಂತೆ ಹತ್ತು ತಿಂಗಳಲ್ಲಿ ತೀರಿಸಿದರು. ಮತ್ತೆಂದೂ ಹಣ ಕಟ್ಟಲಿಲ್ಲ. ಆದರೆ ನಸುಕಿನ ಆ ನಡಿಗೆಯನ್ನು ಮಾತ್ರ ಬಿಡಲಿಲ್ಲ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ಲಿನ ಮಾರ್ಗವಾಗಿ ಬಸ್ಸಿನಲ್ಲಿ ಹೋಗುವಾಗ, ಮರಿಗಳು ಕಂಡಾವೆಂದು ಕಿಟಕಿಯ ಪಕ್ಕದ ಸೀಟಿಗಾಗಿ ನನ್ನೊಡನೆ ಜಗಳವಾಡುತ್ತಿದ್ದರು.

1977ರಲ್ಲಿ ಸ್ಕ್ವಾಂಡರರ್ ಎಂಬ ಕುದುರೆ ಮುಂಬಯಿಯಲ್ಲಿ ಇಂಡಿಯನ್ ಡರ್ಬಿಯನ್ನು ಗೆದ್ದಾಗ ಮಾವ ಆ ಸುದ್ದಿಯನ್ನು ಕತ್ತರಿಸಿಟ್ಟುಕೊಂಡರು. 19 ಓಟಗಳಲ್ಲಿ 18ನ್ನು ಗೆದ್ದ ಕುದುರೆಯದು. ಅದನ್ನು ಪಳಗಿಸಿದ ರಶೀದ್ ಬೈರಾಮ್‌ಜಿಯವರು ಪಶುವೈದ್ಯಶಾಸ್ತ್ರ ಓದಿದವರು. ಇಂಡಿಯನ್ ಡರ್ಬಿಯೊಂದನ್ನೇ 12 ಬಾರಿ ಗೆದ್ದವರು. “ಹದಿನೆಂಟು ಗೆಲುವನ್ನು ಎಲ್ಲರೂ ಎಣಿಸುತ್ತಾರೆ. ಲಾಯದಲ್ಲಿ ತಡೆದು ನಿಲ್ಲಿಸಿದ ದಿನಗಳನ್ನು ಎಣಿಸುವವರು ಯಾರು?” ಎಂದು ಮಾವ ನನ್ನನ್ನು ಕೇಳಿದ್ದರು.

ಕುದುರೆ ಪಂದ್ಯವು ಮುಖ್ಯವಾಗಿ ಕೌಶಲದ ಆಟವೆಂದು 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ತೀರ್ಪನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಆ ಕೌಶಲದಲ್ಲಿ ಕುದುರೆಯದೆಷ್ಟು, ಜಾಕಿಯದೆಷ್ಟು, ಕೆಸರಿನಲ್ಲಿ ಮಂಡಿಯೂರಿದ ಮುದುಕನದೆಷ್ಟು, ಬಾಡಿಗೆಯ ಹಣ ಕಟ್ಟಿದ ಗುಮಾಸ್ತೆಯದೆಷ್ಟು ಎಂಬ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು.

ಆ ಕಂದು ಕುದುರೆ ಮರುವರ್ಷ ಮಳೆಗಾಲದಲ್ಲಿ ಮತ್ತೆ ಓಡಿತು. ಮಾವ ಮತ್ತು ನಾನು ಬೇಲಿಯ ಹೊರಗೆ ನಿಂತು ನೋಡಿದೆವು. ಕೊನೆಯ ತಿರುವಿನಲ್ಲಿ ಅದು ಮುಂದೆ ಬಂದಾಗ, ಜೇಬಿನಲ್ಲಿ ಬಸ್ಸಿನ ಚಿಲ್ಲರೆಯ ಹೊರತು ಏನೂ ಇಲ್ಲದ ಮಾವ ಟೋಪಿಯನ್ನು ಕೈಯಲ್ಲಿ ಹಿಡಿದು ಕೂಗಿದರು. ಹಣ ಕಟ್ಟಿದ್ದ ದಿನಗಳಲ್ಲಿ ಅವರು ಹಾಗೆ ಸಂತೋಷದಿಂದ ಕೂಗಿದ್ದನ್ನು ನಾನು ಕಂಡಿರಲಿಲ್ಲ.