ಒಂದೇ ಸೀಸನ್‌ಗೆ ಐವರು ‘ನಂಬರ್ ಒನ್’: ಅಮೆರಿಕನ್ ಫುಟ್‌ಬಾಲ್ ಪಟ್ಟಿಗಳನ್ನು ಎಷ್ಟು ನಂಬಬಹುದು?

ಅಮೆರಿಕದಲ್ಲಿ ನೆಂಟರು, ಗೆಳೆಯರು ಇರುವವರ ವಾಟ್ಸ್‌ಆ್ಯಪ್ ಗ್ರೂಪ್‌ಗಳಿಗೆ ಫೆಬ್ರವರಿ ಬಂತೆಂದರೆ ‘ಸೂಪರ್ ಬೌಲ್’ ಫೋಟೊಗಳು ಬರತೊಡಗುತ್ತವೆ. ಅವುಗಳ ಹಿಂದೆಯೇ ಇನ್ನೊಂದು ಬಗೆಯ ಪೋಸ್ಟ್ ಬರುತ್ತದೆ: ‘ಈ ಸೀಸನ್‌ನ ಟಾಪ್ 10 ಆಟಗಾರರು’, ‘ಅಧಿಕೃತವಾಗಿ ನಂಬರ್ ಒನ್’. ಒಂದು ಪೋಸ್ಟ್‌ನಲ್ಲಿ ಮೊದಲ ಸ್ಥಾನದಲ್ಲಿದ್ದವನು ಇನ್ನೊಂದರಲ್ಲಿ ಮೂರನೆಯವನು, ಮತ್ತೊಂದರಲ್ಲಿ ಅವನ ಹೆಸರೇ ಇಲ್ಲ. ಹಾಗಾದರೆ ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು?

ಹಲವು ಬಾರಿ ಎಲ್ಲವೂ ನಿಜವೇ ಆಗಿರುತ್ತವೆ. ಇದು ಹೇಗೆ ಸಾಧ್ಯ ಎಂದು ತಿಳಿಯಲು ನಾವು ಇಲ್ಲಿ 2024ರ ಸೀಸನ್ ಒಂದನ್ನೇ ತೆಗೆದುಕೊಳ್ಳುತ್ತೇವೆ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಆರಂಭವಾಗಿ 2025ರ ಫೆಬ್ರವರಿ 9ರಂದು ಸೂಪರ್ ಬೌಲ್‌ನೊಂದಿಗೆ ಮುಗಿದ ಸೀಸನ್ ಅದು.

ಮೊದಲು ಆಟದ ಬಗ್ಗೆ ನಾಲ್ಕು ಮಾತು

ಇದು ನಮಗೆ ಪರಿಚಿತವಾದ, ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೇ ಎಸೆಯುತ್ತಾರೆ. ಮೈದಾನದಲ್ಲಿ ಒಂದು ತಂಡದಿಂದ 11 ಮಂದಿ ಇರುತ್ತಾರೆ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಎದುರಾಳಿಯ ತುದಿ ತಲುಪಿದರೆ ‘ಟಚ್‌ಡೌನ್’, ಅದಕ್ಕೆ 6 ಅಂಕ.

ಇಲ್ಲಿ ಒಬ್ಬೊಬ್ಬರದು ಒಂದೊಂದು ಕೆಲಸ. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ದೂರ ಓಡಿ ಹಿಡಿಯುವವನು ರಿಸೀವರ್. ಚೆಂಡು ಹಿಡಿದು ನುಗ್ಗುವವನು ರನ್ನಿಂಗ್ ಬ್ಯಾಕ್. ಮುಂದೆ ಗೋಡೆಯಂತೆ ನಿಂತು ಎದುರಾಳಿಗಳನ್ನು ತಡೆಯುವ ಐವರು ಲೈನ್‌ಮನ್‌ಗಳು. ಎದುರಾಳಿ ಮುನ್ನುಗ್ಗದಂತೆ ತಡೆಯುವುದಕ್ಕೆ ಬೇರೆಯೇ 11 ಮಂದಿ ಇಳಿಯುತ್ತಾರೆ. ಇವರನ್ನೆಲ್ಲ ಒಂದೇ ಪಟ್ಟಿಯಲ್ಲಿ ಒಬ್ಬರ ಕೆಳಗೊಬ್ಬರಂತೆ ಬರೆಯುವುದೆಂದರೆ, ಮನೆ ಕಟ್ಟಿದ ಗಾರೆ ಕೆಲಸದವರು, ಬಡಗಿ, ಎಲೆಕ್ಟ್ರಿಷಿಯನ್ ಇವರಲ್ಲಿ ಯಾರು ಮೇಲು ಎಂದು ಕೇಳಿದಂತೆ.

2024ರ ಐವರು ‘ನಂಬರ್ ಒನ್’ ಯಾರು?

ಮೊದಲನೆಯವರು ಬಫಲೋ ಬಿಲ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಜಾಷ್ ಅಲೆನ್. ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಕೊಡುವ, ಎಲ್ಲಕ್ಕಿಂತ ದೊಡ್ಡದೆನಿಸಿದ ಎಂವಿಪಿ ಪ್ರಶಸ್ತಿ, ಅಂದರೆ ‘ಅತ್ಯಂತ ಮೌಲ್ಯಯುತ ಆಟಗಾರ’ ಎಂಬ ಗೌರವ ಅವರಿಗೆ ಸಿಕ್ಕಿತು.

ಎರಡನೆಯವರು ಬಾಲ್ಟಿಮೋರ್ ರೇವನ್ಸ್‌ನ ಲಮಾರ್ ಜ್ಯಾಕ್ಸನ್. ಇವರೂ ಕ್ವಾರ್ಟರ್‌ಬ್ಯಾಕ್. ಅದೇ ಸುದ್ದಿಸಂಸ್ಥೆ ಪ್ರಕಟಿಸುವ ‘ಆಲ್-ಪ್ರೊ’ ಮೊದಲ ತಂಡದಲ್ಲಿ, ಅಂದರೆ ಪ್ರತಿ ಜಾಗಕ್ಕೂ ಅತ್ಯುತ್ತಮರನ್ನು ಆರಿಸುವ ಪಟ್ಟಿಯಲ್ಲಿ, ಕ್ವಾರ್ಟರ್‌ಬ್ಯಾಕ್ ಆಗಿದ್ದವರು ಅಲೆನ್ ಅಲ್ಲ, ಜ್ಯಾಕ್ಸನ್.

ಮೂರನೆಯವರು ಸಿನ್ಸಿನಾಟಿಯ ರಿಸೀವರ್ ಜಮಾರ್ ಚೇಸ್. 127 ಬಾರಿ ಚೆಂಡು ಹಿಡಿದು, 1,708 ಗಜ ಸಾಗಿ, 17 ಟಚ್‌ಡೌನ್ ಗಳಿಸಿದರು. ಮೂರರಲ್ಲೂ ಲೀಗ್‌ಗೇ ಮೊದಲಿಗರು. ಆದರೂ ಎದುರಾಳಿ ಗಡಿಯತ್ತ ಆಕ್ರಮಣ ನಡೆಸುವವರಲ್ಲಿ ಅತ್ಯುತ್ತಮರು ಎಂಬ ಪ್ರಶಸ್ತಿ ಸೇಕ್ವಾನ್ ಬಾರ್ಕ್ಲಿ ಪಾಲಾಯಿತು.

ನಾಲ್ಕನೆಯವರು ಫಿಲಡೆಲ್ಫಿಯಾ ಈಗಲ್ಸ್‌ನ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿ. ಆಟಗಾರರೇ ಮತ ಹಾಕಿ ಸಿದ್ಧಪಡಿಸುವ ‘ಟಾಪ್ 100’ ಪಟ್ಟಿಯಲ್ಲಿ ಮೊದಲ ಸ್ಥಾನ ಇವರದು.

ಐದನೆಯವರು ಅದೇ ಈಗಲ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್. ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡವನ್ನು 40-22ರಿಂದ ಸೋಲಿಸಿದ ಸೂಪರ್ ಬೌಲ್‌ನಲ್ಲಿ ಎಂವಿಪಿ ಆದವರು ಇವರು. ‘ಎಂವಿಪಿ’ ಎಂಬ ಅದೇ ಮೂರಕ್ಷರ ಇಲ್ಲಿ ಒಂದೇ ಒಂದು ಪಂದ್ಯಕ್ಕೆ ಸಂಬಂಧಿಸಿದ್ದು. ಫಾರ್ವರ್ಡ್‌ಗಳಲ್ಲಿ ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ.

ಈ ಐದರಲ್ಲಿ ಒಂದೂ ಸುಳ್ಳಲ್ಲ. ಪ್ರಶ್ನೆಗಳು ಬೇರೆ, ಉತ್ತರ ಕೊಟ್ಟವರು ಬೇರೆ, ಕೇಳಿದ ಹೊತ್ತೂ ಬೇರೆ.

ಮತ ಹಾಕುವವರು ಯಾರು, ಯಾವಾಗ?

ಎಂವಿಪಿಗೆ ಮತ ಹಾಕುವುದು 50 ಮಂದಿ ಕ್ರೀಡಾ ಪತ್ರಕರ್ತರು ಮತ್ತು ವಿಶ್ಲೇಷಕರ ಸಮಿತಿ. ಇದರಲ್ಲಿ ಅಭಿಮಾನಿಗಳ ಲೈಕ್, ಶೇರ್‌ಗಳಿಗೆ ಜಾಗವಿಲ್ಲ. ಹಿಂದೆ ಒಬ್ಬರು ಒಂದೇ ಹೆಸರು ಬರೆಯುತ್ತಿದ್ದರು. 2022ರ ಸೀಸನ್‌ನಿಂದ ಐದು ಹೆಸರುಗಳನ್ನು ಕ್ರಮವಾಗಿ ಬರೆಯುತ್ತಾರೆ. ಅವುಗಳಿಗೆ 10, 5, 3, 2, 1 ಹೀಗೆ ಅಂಕ.

ಈ ಸಣ್ಣ ಬದಲಾವಣೆ ಎಷ್ಟು ವ್ಯತ್ಯಾಸ ಮಾಡಬಲ್ಲದು? ಒಂದು ಕಾಲ್ಪನಿಕ ಲೆಕ್ಕ ನೋಡೋಣ. ‘ಅ’ ಎಂಬ ಆಟಗಾರನಿಗೆ 20 ಮಂದಿ ಮೊದಲ ಸ್ಥಾನ, ಉಳಿದ 30 ಮಂದಿ ಐದನೇ ಸ್ಥಾನ ಕೊಟ್ಟರು ಎನ್ನಿ. ‘ಬ’ ಎಂಬುವನಿಗೆ 18 ಮಂದಿ ಮೊದಲ ಸ್ಥಾನ, ಉಳಿದ 32 ಮಂದಿ ಎರಡನೇ ಸ್ಥಾನ ಕೊಟ್ಟರು. ಹಳೆಯ ಪದ್ಧತಿಯಲ್ಲಿ ಗೆಲ್ಲುವವನು ‘ಅ’. ಹೊಸದರಲ್ಲಿ ‘ಅ’ನಿಗೆ 230, ‘ಬ’ನಿಗೆ 340 ಅಂಕ. ಆಟ ಅದೇ, ಮತದಾರರೂ ಅವರೇ, ವಿಜೇತ ಮಾತ್ರ ಬೇರೆ.

2024ರಲ್ಲಿ ಅಲೆನ್‌ಗೆ 27, ಜ್ಯಾಕ್ಸನ್‌ಗೆ 23 ಮೊದಲ ಸ್ಥಾನದ ಮತಗಳು ಬಂದವು. ಒಟ್ಟು ಅಂಕ 383 ಮತ್ತು 362. ಇಬ್ಬರು ಮತದಾರರು ಮನಸ್ಸು ಬದಲಿಸಿದ್ದರೆ ಮೊದಲ ಸ್ಥಾನದ ಮತಗಳು ಸಮವಾಗುತ್ತಿದ್ದವು. ಇಷ್ಟು ಕಡಿಮೆ ಅಂತರದ ಫಲಿತಾಂಶ ನಮ್ಮ ಫೋನಿಗೆ ಬರುವಾಗ ‘ನಿರ್ವಿವಾದ ನಂಬರ್ ಒನ್’ ಎಂದಾಗಿರುತ್ತದೆ.

ಹೊತ್ತಿನ ವಿಷಯವೂ ಮುಖ್ಯ. ಈ ಮತದಾನ 17 ಪಂದ್ಯಗಳ ಸಾಮಾನ್ಯ ಸುತ್ತು ಮುಗಿದ ಕೂಡಲೇ, ನಾಕೌಟ್ ಪಂದ್ಯಗಳಿಗೆ ಮೊದಲೇ ನಡೆಯುತ್ತದೆ. ಪ್ರಕಟವಾಗುವುದು ಮಾತ್ರ ಫೆಬ್ರವರಿಯಲ್ಲಿ. ಆದ್ದರಿಂದ ‘ನಾಕೌಟ್‌ನಲ್ಲಿ ಸೋತವನಿಗೆ ಪ್ರಶಸ್ತಿ ಕೊಟ್ಟು ಮೋಸ ಮಾಡಿದರು’ ಎಂಬ ದೂರಿಗೆ ಅರ್ಥವಿಲ್ಲ.

ಅಂಕಿ-ಅಂಶ ಸುಳ್ಳು ಹೇಳುವುದಿಲ್ಲ ಅಲ್ಲವೇ?

ಸುಳ್ಳು ಹೇಳದಿರಬಹುದು, ಅರ್ಧ ಹೇಳಿ ಸುಮ್ಮನಾಗಬಹುದು. ಕ್ವಾರ್ಟರ್‌ಬ್ಯಾಕ್‌ಗಳನ್ನು ಅಳೆಯಲು 1973ರಿಂದ ‘ಪಾಸರ್ ರೇಟಿಂಗ್’ ಎಂಬ ಸೂತ್ರ ಬಳಕೆಯಲ್ಲಿದೆ. ಎಸೆದ ಚೆಂಡುಗಳಲ್ಲಿ ಎಷ್ಟು ತಲುಪಿದವು, ಒಂದು ಎಸೆತಕ್ಕೆ ಎಷ್ಟು ಗಜ, ಎಷ್ಟು ಟಚ್‌ಡೌನ್, ಎಷ್ಟು ಬಾರಿ ಎದುರಾಳಿಯ ಕೈ ಸೇರಿತು ಎಂಬ ನಾಲ್ಕನ್ನು ಕೂಡಿಸುತ್ತಾರೆ. ಗರಿಷ್ಠ ಅಂಕ 100 ಅಲ್ಲ, 158.3.

ಆ ಸೀಸನ್‌ನಲ್ಲಿ ಜ್ಯಾಕ್ಸನ್ ಗಳಿಸಿದ್ದು 119.6, ಅಲೆನ್ 101.4. ಇದೊಂದನ್ನೇ ನೋಡಿದರೆ ಸ್ಪರ್ಧೆಯೇ ಇಲ್ಲ. ಆದರೆ ಈ ಸೂತ್ರಕ್ಕೆ ಓಟ ಕಾಣುವುದಿಲ್ಲ. ಅಲೆನ್ ಸ್ವತಃ ಚೆಂಡು ಹಿಡಿದು ಓಡಿ ಗಳಿಸಿದ 12 ಟಚ್‌ಡೌನ್‌ಗಳು ಇದರಲ್ಲಿಲ್ಲ. ಜ್ಯಾಕ್ಸನ್ ಓಡಿದ 915 ಗಜವೂ ಇಲ್ಲ. ಎರಡು ಗಜ ದೂರಕ್ಕೆ ಎಸೆದ ಚೆಂಡನ್ನು ಹಿಡಿದು ರಿಸೀವರ್ 60 ಗಜ ಓಡಿದರೆ, ಆ ಗಜಗಳೆಲ್ಲ ಎಸೆದವನ ಖಾತೆಗೂ ಸೇರುತ್ತವೆ. ಸರಿಯಾಗಿ ಬಂದ ಚೆಂಡು ರಿಸೀವರ್‌ನ ಕೈಗೆ ತಾಗಿ ಚಿಮ್ಮಿ ಎದುರಾಳಿಗೆ ಸಿಕ್ಕರೆ, ತಪ್ಪು ಎಸೆದವನ ಲೆಕ್ಕಕ್ಕೆ.

ಇನ್ನೊಂದು ಉದಾಹರಣೆ ಸಿನ್ಸಿನಾಟಿಯ ಕ್ವಾರ್ಟರ್‌ಬ್ಯಾಕ್ ಜೋ ಬರೊ. 2024ರಲ್ಲಿ ಎಸೆತದ ಗಜ (4,918) ಮತ್ತು ಎಸೆತದ ಟಚ್‌ಡೌನ್ (43) ಎರಡರಲ್ಲೂ ಲೀಗ್‌ಗೆ ಮೊದಲಿಗರು. ಆದರೂ ಎಂವಿಪಿ ಮತದಾನದಲ್ಲಿ ಅವರು ಮೊದಲ ಮೂವರಲ್ಲಿ ಇರಲಿಲ್ಲ. ಅವರ ತಂಡ 9 ಗೆದ್ದು 8 ಸೋತು ನಾಕೌಟ್ ತಲುಪಲಿಲ್ಲ. ‘ಮೌಲ್ಯಯುತ’ ಎಂದರೆ ತಂಡವನ್ನು ಗೆಲ್ಲಿಸಿದವನು ಎಂದು ಹೆಚ್ಚಿನ ಮತದಾರರು ಓದಿಕೊಳ್ಳುತ್ತಾರೆ. ಸೋಲುವ ತಂಡದ ಒಳ್ಳೆಯ ಆಟಗಾರ ಅಲ್ಲಿ ಹಿಂದೆ ಬೀಳುತ್ತಾನೆ.

ಪಟ್ಟಿಗೆ ಕಾಣದ ಐವರು

ಬಾರ್ಕ್ಲಿಯ ಕಥೆಯಲ್ಲಿ ಇದು ಸ್ಪಷ್ಟವಾಗುತ್ತದೆ. 2023ರಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನಲ್ಲಿದ್ದಾಗ ಅವರು 14 ಪಂದ್ಯಗಳಲ್ಲಿ 962 ಗಜ ಓಡಿದ್ದರು. ಸರಾಸರಿ ಒಂದು ಓಟಕ್ಕೆ 3.9 ಗಜ. ಮರು ವರ್ಷ ಫಿಲಡೆಲ್ಫಿಯಾಕ್ಕೆ ಬಂದು 16 ಪಂದ್ಯಗಳಲ್ಲಿ 2,005 ಗಜ ಓಡಿದರು. ಸರಾಸರಿ 5.8 ಗಜ. ಒಂದೇ ವರ್ಷದಲ್ಲಿ ಅವರ ಕಾಲುಗಳು ಅಷ್ಟೊಂದು ಬದಲಾದವೇ? ಅವರ ಪ್ರತಿಭೆ, ಆರೋಗ್ಯ, ತಂಡದ ಯೋಜನೆ ಎಲ್ಲಕ್ಕೂ ಪಾಲಿದೆ. ಆದರೆ ದೊಡ್ಡ ಬದಲಾವಣೆ ಎಂದರೆ ಈಗ ಅವರ ಮುಂದೆ ದಾರಿ ಬಿಡಿಸುತ್ತಿದ್ದವರು ಲೀಗ್‌ನ ಅತ್ಯುತ್ತಮ ಲೈನ್‌ಮನ್‌ಗಳ ಸಾಲಿನಲ್ಲಿ ಎಣಿಸಲ್ಪಡುವವರು.

ಲೈನ್‌ಮನ್‌ಗೆ ಗಜದ ಲೆಕ್ಕವಿಲ್ಲ, ಟಚ್‌ಡೌನ್ ಇಲ್ಲ. ಅಂಕಪಟ್ಟಿಯಲ್ಲಿ ಅವನ ಹೆಸರು ಬರುವುದು ಹೆಚ್ಚಾಗಿ ತಪ್ಪು ಮಾಡಿ ದಂಡ ಬಿದ್ದಾಗ. ಇದೇ ಕಾರಣಕ್ಕೆ ಅಸೋಸಿಯೇಟೆಡ್ ಪ್ರೆಸ್‌ನ ಎಂವಿಪಿ ಇದುವರೆಗೆ ಒಬ್ಬ ಲೈನ್‌ಮನ್‌ಗೂ ಸಿಕ್ಕಿಲ್ಲ. ಒಬ್ಬ ರಿಸೀವರ್‌ಗೂ ಸಿಕ್ಕಿಲ್ಲ. ಎದುರಾಳಿಯನ್ನು ತಡೆಯುವ ಬಣದಿಂದ ಗೆದ್ದವರು ಇಬ್ಬರೇ: 1971ರಲ್ಲಿ ಅಲನ್ ಪೇಜ್, 1986ರಲ್ಲಿ ಲಾರೆನ್ಸ್ ಟೇಲರ್. 2012ರಲ್ಲಿ ರನ್ನಿಂಗ್ ಬ್ಯಾಕ್ ಏಡ್ರಿಯನ್ ಪೀಟರ್ಸನ್ ಗೆದ್ದ ಬಳಿಕ 2024ರವರೆಗೆ ಪ್ರತಿ ಬಾರಿಯೂ ಕ್ವಾರ್ಟರ್‌ಬ್ಯಾಕ್‌ಗಳೇ ಗೆದ್ದಿದ್ದಾರೆ.

ಈ ಕೊರತೆ ತುಂಬಲು ಪಿಎಫ್‌ಎಫ್‌ನಂಥ ಸಂಸ್ಥೆಗಳು ವಿಡಿಯೊ ನೋಡಿ, ಪ್ರತಿ ಆಟಗಾರನಿಗೂ ಪ್ರತಿ ಆಟಕ್ಕೂ ಮೈನಸ್ 2ರಿಂದ ಪ್ಲಸ್ 2ರವರೆಗೆ ಅಂಕ ಕೊಡುತ್ತವೆ. ಲೈನ್‌ಮನ್‌ಗಳೂ ಇದರಲ್ಲಿ ಕಾಣಿಸುತ್ತಾರೆ ಎಂಬುದು ಒಳ್ಳೆಯದು. ಆದರೆ ಆ ಆಟದಲ್ಲಿ ಕೋಚ್ ಅವನಿಗೆ ಯಾವ ಕೆಲಸ ವಹಿಸಿದ್ದರು ಎಂಬುದು ಹೊರಗೆ ಕುಳಿತು ನೋಡುವವರಿಗೆ ಯಾವಾಗಲೂ ತಿಳಿಯದು. ಕೊನೆಗೆ ಇದೂ ಮನುಷ್ಯರ ಅಂದಾಜೇ, ದಶಮಾಂಶ ಅಂಕಿಯ ರೂಪದಲ್ಲಿ ಬರುತ್ತದೆ ಅಷ್ಟೆ.

ಇದರಿಂದ ಯಾರಿಗೆ ಏನು ನಷ್ಟ?

‘ಹೋಗಲಿ ಬಿಡಿ, ಮಾತಿನ ಮಜಾ’ ಎನ್ನಬಹುದು. ಆದರೆ ಕೆಲವು ಪಟ್ಟಿಗಳು ನೇರವಾಗಿ ಸಂಬಳಕ್ಕೆ ತಗಲುತ್ತವೆ. ‘ಪ್ರೊ ಬೌಲ್’ ಎಂಬ ತಾರಾ ಆಟಗಾರರ ಆಯ್ಕೆಯಲ್ಲಿ ಅಭಿಮಾನಿಗಳು, ಆಟಗಾರರು, ಕೋಚ್‌ಗಳು ಮೂವರಿಗೂ ತಲಾ ಮೂರನೇ ಒಂದು ಪಾಲು. 2020ರ ವೇತನ ಒಪ್ಪಂದದ ಪ್ರಕಾರ, ಹೊಸ ಆಟಗಾರರ ಆಯ್ಕೆಯ ಮೊದಲ ಸುತ್ತಿನಲ್ಲಿ ಬಂದವರಿಗೆ ತಂಡ ಐದನೇ ವರ್ಷಕ್ಕೂ ಮುಂದುವರಿಸಿದರೆ, ಆ ವರ್ಷದ ಸಂಬಳ ಎಷ್ಟೆಂಬುದು ಅವರು ಎಷ್ಟು ಬಾರಿ ಪ್ರೊ ಬೌಲ್‌ಗೆ ಆಯ್ಕೆಯಾದರು ಎಂಬುದನ್ನೂ ಅವಲಂಬಿಸಿದೆ. ಎರಡು ಬಾರಿ ಆಯ್ಕೆಯಾದರೆ ಎಲ್ಲಕ್ಕಿಂತ ಮೇಲಿನ ದರ್ಜೆ. ಅಂದರೆ ಯಾರೋ ಫೋನಿನಲ್ಲಿ ಒತ್ತಿದ ಮತ ಕೂಡ ಆಟಗಾರನ ದುಡಿಮೆಯ ಲೆಕ್ಕಕ್ಕೆ ಸೇರುತ್ತದೆ. ಹೆಸರು ಗೊತ್ತಿರುವವನಿಗೆ ಮತ ಸುಲಭ. ಗೋಡೆಯಂತೆ ನಿಂತವನ ಹೆಸರು ಎಷ್ಟು ಮಂದಿಗೆ ಗೊತ್ತು? ಪೆಟ್ಟು ತಿನ್ನುವುದರಲ್ಲಿ ಮಾತ್ರ ಅವನು ಯಾರಿಗೂ ಕಡಿಮೆಯಿಲ್ಲ.

ಹಳೆಯ ದಾಖಲೆಗಳೊಂದಿಗೆ ಹೋಲಿಸುವಾಗ

‘ಒಂದೇ ಸೀಸನ್‌ನಲ್ಲಿ 2,000 ಗಜ’ ಎಂಬ ಪಟ್ಟಿಗಳೂ ಹರಿದಾಡುತ್ತವೆ. 1973ರಲ್ಲಿ ಒ. ಜೆ. ಸಿಂಪ್ಸನ್ 2,003 ಗಜ ಓಡಿದಾಗ ಸೀಸನ್ ಇದ್ದದ್ದು 14 ಪಂದ್ಯಗಳದು. 1984ರಲ್ಲಿ ಎರಿಕ್ ಡಿಕರ್ಸನ್ 2,105 ಗಜದ ದಾಖಲೆ ಮಾಡಿದಾಗ 16 ಪಂದ್ಯ. 2021ರಿಂದ 17 ಪಂದ್ಯ. ಒಂದು ಪಂದ್ಯಕ್ಕೆ ಇಷ್ಟು ಎಂದು ಭಾಗಿಸಿದರೆ ಸಿಂಪ್ಸನ್ 143, ಡಿಕರ್ಸನ್ 132, ಬಾರ್ಕ್ಲಿ 125 ಗಜ. ಒಟ್ಟು ಗಜದಲ್ಲಿ ಸಿಂಪ್ಸನ್‌ಗಿಂತ ಮುಂದಿರುವ ಬಾರ್ಕ್ಲಿ ಇಲ್ಲಿ ಹಿಂದಾಗುತ್ತಾರೆ.

ಫಾರ್ವರ್ಡ್ ಮಾಡುವ ಮುನ್ನ

ಇಂಥ ಪಟ್ಟಿ ಬಂದಾಗ ನಾವು ನಾಲ್ಕು ಪ್ರಶ್ನೆ ಕೇಳಿಕೊಂಡರೆ ಸಾಕು:

1. ಆರಿಸಿದವರು ಯಾರು? ಪತ್ರಕರ್ತರೇ, ಆಟಗಾರರೇ, ಅಭಿಮಾನಿಗಳೇ? ಯಾರ ಹೆಸರೂ ಇಲ್ಲದಿದ್ದರೆ ಅದು ಪೋಸ್ಟ್ ಮಾಡಿದವರ ಸ್ವಂತ ಅಭಿಪ್ರಾಯ ಎಂದುಕೊಳ್ಳಿ.
2. ಅಳೆದದ್ದು ಏನನ್ನು? ಇಡೀ ಸೀಸನ್ನೇ, ಒಂದೇ ಪಂದ್ಯವೇ, ಒಂದೇ ಅಂಕಿಯೇ?
3. ಯಾವ ಸೀಸನ್? ಆಟಗಾರರ ‘2025ರ ಟಾಪ್ 100’ ಪಟ್ಟಿ ನೋಡುವುದು 2024ರ ಸೀಸನ್‌ನ ಆಟವನ್ನು.
4. ಪಟ್ಟಿಯಲ್ಲಿ ಯಾವ ಜಾಗದವರು ಒಬ್ಬರೂ ಇಲ್ಲ? ಹತ್ತು ಹೆಸರುಗಳಲ್ಲಿ ಒಬ್ಬ ಲೈನ್‌ಮನ್ ಕೂಡ ಇಲ್ಲದಿದ್ದರೆ, ಅದು ಆಟದ ಪಟ್ಟಿ ಎನ್ನುವುದಕ್ಕಿಂತ ಟಿವಿಯಲ್ಲಿ ಹೆಚ್ಚು ಕಾಣುವವರ ಪಟ್ಟಿ.

ಉತ್ತರ ಸಿಕ್ಕರೆ, ಅದನ್ನೂ ಒಂದು ಸಾಲಿನಲ್ಲಿ ಸೇರಿಸಿ ಕಳುಹಿಸಿ. ‘ಜಾಷ್ ಅಲೆನ್ ನಂಬರ್ ಒನ್’ ಎನ್ನುವ ಬದಲು ‘50 ಪತ್ರಕರ್ತರು ಮತ್ತು ವಿಶ್ಲೇಷಕರ ಮತದಲ್ಲಿ ಅಲೆನ್ ಎಂವಿಪಿ’ ಎಂದರೆ ಗ್ರೂಪ್‌ನಲ್ಲಿ ಜಗಳವೂ ಕಡಿಮೆ, ಮಾಹಿತಿಯೂ ಸರಿ.