ಹಿನ್ನೀರು, ಫೈಬರ್ ದೋಣಿ ಮತ್ತು ಒಂದು ಸಂದು

ಆಲಮಟ್ಟಿ ಅಣೆಕಟ್ಟಿಗೆ ಮೊದಲಿನ ಹೊಳೆಗಳನ್ನು ಕಂಡವರು ನಮ್ಮ ನಡುವೆ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳನ್ನು ಸೇತುವೆಯಿಲ್ಲದ ಕಡೆ ದಾಟಿಸುತ್ತಿದ್ದುದು ಹರಿಗೋಲು ಮತ್ತು ಕಟ್ಟಿಗೆಯ ದೋಣಿ. ಬಿದಿರಿನ ಹೆಣಿಕೆಗೆ ತೊಗಲು ಬಿಗಿದ ಹರಿಗೋಲಾಗಲಿ, ಹಲಗೆಗೆ ಹಲಗೆ ಕೂಡಿಸಿದ ದೋಣಿಯಾಗಲಿ, ಸೋರುವುದು ಅದರ ಹುಟ್ಟುಗುಣ. ಅಂಬಿಗ ಅದನ್ನು ಬಲ್ಲವನಾಗಿದ್ದ. ಹೊಳೆ ತುಂಬುವ ಮೊದಲೇ ದಡಕ್ಕೆಳೆದು, ಬೋರಲು ಹಾಕಿ, ಸಂದುಸಂದನ್ನೂ ಕೈಯಾಡಿಸಿ ನೋಡಿ ಡಾಂಬರು ಬಳಿಯುವುದು ಅವನ ಕಾಯಕದ ಭಾಗವೇ ಆಗಿತ್ತು. ಅಂಬಿಗರ ಚೌಡಯ್ಯನನ್ನು ನೆನೆಯುವ ಈ ನಾಡಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1963ರಲ್ಲಿ. ಮರುವರ್ಷ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಇಟ್ಟರು. ಅಣೆಕಟ್ಟು ಪೂರ್ತಿಯಾಗಲು ನಾಲ್ಕು ದಶಕ ಹಿಡಿಯಿತು, ನೀರು 519.60 ಮೀಟರಿಗೆ ನಿಲ್ಲುವ ಹೊತ್ತಿಗೆ ಹಳೆ ಬಾಗಲಕೋಟೆಯ ಓಣಿಗಳು ಮುಳುಗಿ, ಮನೆಗಳು ನವನಗರಕ್ಕೆ ಏರಿದ್ದವು. ಅದೇ ಕಾಲಾವಧಿಯಲ್ಲಿ ದೋಣಿಯ ಲೋಕವೂ ಬದಲಾಯಿತು. 1940ರ ದಶಕದಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡ ಗಾಜಿನ ನಾರು ಮತ್ತು ರಾಳದ ದೋಣಿ ನಮ್ಮ ಕರಾವಳಿಯ ಮೀನುಗಾರರನ್ನೂ ತಲುಪಿತು. ಕೊಳೆಯದು, ಹುಳು ತಿನ್ನದು, ಹಗುರ, ಹಲಗೆಗಳಿಲ್ಲದ್ದರಿಂದ ಸಂದುಗಳ ಗೊಡವೆಯೂ ಇಲ್ಲ ಎಂಬುದು ಅದರ ಭರವಸೆ.

ಆ ಭರವಸೆ ಬಹುಪಾಲು ನಿಜವಾಯಿತು. ಕೊನೆಯ ಮಾತೊಂದನ್ನು ಬಿಟ್ಟು. ಡೆಕ್ ಇರುವ ಫೈಬರ್ ದೋಣಿಯಲ್ಲಿ ಒಡಲು ಒಂದು ಅಚ್ಚಿನಲ್ಲಿ, ಡೆಕ್ ಇನ್ನೊಂದು ಅಚ್ಚಿನಲ್ಲಿ ತಯಾರಾಗುತ್ತದೆ. ಒಡಲಿನ ಅಂಚನ್ನು ಒಳಕ್ಕೆ ಮಡಿಸಿ ಅದರ ಮೇಲೆ ಡೆಕ್ ಕೂರಿಸುವುದು ಒಂದು ಕ್ರಮ. ಡಬ್ಬಿಯ ಮುಚ್ಚಳದಂತೆ ಡೆಕ್ಕಿನ ಅಂಚನ್ನು ಹೊರಗಿನಿಂದ ಇಳಿಬಿಡುವುದು ಇನ್ನೊಂದು. ಹೇಗೇ ಕೂಡಿಸಲಿ, ನೂರು ಸಂದುಗಳ ಹೊರೆ ಒಂದೇ ಸಂದಿನ ಮೇಲೆ ಬಿತ್ತು. ತೆರೆಗೆ ಒಡಲು ತಿರುಚಿದಾಗಲೆಲ್ಲ ಆ ಎಳೆತವನ್ನು ತಡೆಯಬೇಕಾದದ್ದು ಅದೇ. ಅಗ್ಗಕ್ಕೆಂದು ಬರೀ ಸ್ಕ್ರೂ, ರಿವೆಟ್ ಹೊಡೆದ ದೋಣಿಗಳು ಕಾಲಕ್ರಮೇಣ ಸಡಿಲಗೊಂಡವು. ಅಂಚಿನ ಅಲ್ಯೂಮಿನಿಯಂ ಪಟ್ಟಿಗೆ ಸ್ಟೀಲ್ ತಾಗಿದಲ್ಲಿ ಉಪ್ಪುನೀರು ಅಲ್ಯೂಮಿನಿಯಂ ತಿಂದಿತು. ಅನುಭವ ಕಲಿಸಿದ ಪಾಠ ಸರಳ: ಬಿಗಿ ಹಿಡಿಯುವುದು ಒಂದು ಕೆಲಸ, ನೀರು ತಡೆಯುವುದು ಇನ್ನೊಂದು. ಮೊದಲನೆಯದಕ್ಕೆ ನಾಲ್ಕರಿಂದ ಆರು ಇಂಚಿಗೊಂದರಂತೆ ಆರಪಾರ ಹಾಯುವ ಸ್ಟೇನ್‌ಲೆಸ್ ಬೋಲ್ಟು, ಅಡಿಗೆ ಅಗಲವಾದ ವಾಷರ್. ಎರಡನೆಯದಕ್ಕೆ ಪಾಲಿಸಲ್ಫೈಡ್ ಅಥವಾ ಪಾಲಿಯುರಿಥೇನ್ ಸೀಲಂಟ್. ಅದೂ ಪೂರ್ತಿ ಹಿಂಡಿಹೋಗದಂತೆ ತೆಳುಪದರ ಉಳಿಸಿ. ಪಾಲಿಯುರಿಥೇನ್ ಹಿಡಿದರೆ ಮುಂದೆ ಬಿಚ್ಚುವುದು ಬಲು ಕಷ್ಟ. ಸಿಲಿಕಾನ್ ಬಳಿದ ಜಾಗಕ್ಕೆ ಬೇರೇನೂ ಸರಿಯಾಗಿ ಅಂಟದು. ಒಳಗಿನಿಂದ ನಾರು, ರಾಳಗಳ ಪದರ ಹೊದಿಸಿ ಎರಡನ್ನೂ ಒಂದಾಗಿಸುವವರೂ ಇದ್ದಾರೆ; ಶ್ರಮ ಹೆಚ್ಚು, ಬಾಳಿಕೆಯೂ ಹೆಚ್ಚು.

ಹೀಗೆ ಲೆಕ್ಕ ಹಾಕಿದರೆ ಗಳಿಕೆ ಸಣ್ಣದಲ್ಲ. ಮರ ಉಳಿಯಿತು, ದುಡಿಮೆ ಹಗುರವಾಯಿತು. ಕಳೆದುಕೊಂಡದ್ದು ವರ್ಷಕ್ಕೊಮ್ಮೆ ಸಂದು ಮುಟ್ಟಿ ನೋಡುವ ರೂಢಿ. ಹಲಗೆಯ ಬಿರುಕು ಕಣ್ಣಿಗೆ ಬೀಳುತ್ತಿತ್ತು. ಫೈಬರ್ ದೋಣಿಯ ಸಂದು ರಬ್ಬರ್ ಪಟ್ಟಿಯ ಅಡಿ ಅಡಗಿರುತ್ತದೆ. ನೀರಿಗಿಳಿಯದೆ ನಿಂತ ದೋಣಿಗೆ ಸವೆತವಿಲ್ಲವೆಂಬ ನಂಬಿಕೆಯೂ ಸುಳ್ಳು: ನಮ್ಮ ಬಿಸಿಲಿಗೆ ಬಯಲಲ್ಲಿ ಬಿದ್ದ ಸೀಲಂಟ್ ಗಡುಸಾಗಿ ಸೀಳುತ್ತದೆ. ಕೆಟ್ಟ ಫೈಬರನ್ನು ಹಳೆ ಹಲಗೆಯಂತೆ ಒಲೆಗೆ ಹಾಕಲೂ ಬಾರದು.

2009ರ ಅಕ್ಟೋಬರ್ ಮತ್ತು 2019ರ ಆಗಸ್ಟ್‌ನ ಮಹಾಪೂರಗಳಲ್ಲಿ ದೋಣಿಯ ಬೆಲೆ ಏನೆಂದು ಬಾಗಲಕೋಟೆ ಜಿಲ್ಲೆ ಕಂಡಿದೆ. ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ 524.256 ಮೀಟರಿಗೆ ನೀರು ನಿಂತ ದಿನ ಹಿನ್ನೀರು ಇನ್ನಷ್ಟು ಹಬ್ಬಲಿದೆ, ದೋಣಿಗಳೂ ಹೆಚ್ಚಲಿವೆ. ಹೊಸ ದೋಣಿ ಕೊಳ್ಳುವ ಮಾತು ಎಲ್ಲರಿಗೂ ಹೊಳೆಯುತ್ತದೆ. ಇದ್ದುದನ್ನು ಪ್ರತಿ ಮುಂಗಾರಿಗೆ ಮುನ್ನ ಬೋಲ್ಟು ಬಿಗಿದು, ಅಂಚಿನ ಗುಂಟ ಪೈಪಿನಿಂದ ನೀರು ಬಿಟ್ಟು, ಒಳಗೆ ಎಲ್ಲಿ ಜಿನುಗುತ್ತದೆಂದು ನೋಡುವ ಕೆಲಸಕ್ಕೆ ಯಾರೂ ಹೆಸರು ಕೊಡುವುದಿಲ್ಲ. ಆ ಕೈಗೆಲಸವನ್ನು ದಡದ ಹುಡುಗರಿಗೆ ಕಲಿಸುವುದು ಆರು ದಶಕ ಎಂಜಿನಿಯರಿಂಗ್ ಕಲಿಸಿದ ಊರಿಗೆ ದೊಡ್ಡ ಭಾರವೇನಲ್ಲ. ಹಳೆಯ ಅಂಬಿಗನಿಂದ ಹೊಸ ದೋಣಿಗೆ ನಾವು ದಾಟಿಸದೆ ಬಿಟ್ಟದ್ದು ಅದೊಂದೇ.