ಕಡಲತೀರದ ವಾನಪ್ರಸ್ಥ

ಮೈಯಲ್ಲಿ ಸುಕ್ಕು, ತಲೆಯಲ್ಲಿ ನರೆ, ಮಗನಿಗೊಂದು ಮಗು — ಈ ಮೂರನ್ನು ಕಂಡ ಗೃಹಸ್ಥನು ಅರಣ್ಯವನ್ನು ಆಶ್ರಯಿಸತಕ್ಕದ್ದೆಂದು ಮನುಸ್ಮೃತಿಯು ವಿಧಿಸಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಆ ವಿಧಿಯನ್ನು ಅಕ್ಷರಶಃ ನಡೆಸಿದವರು ಯಾವ ಕಾಲದಲ್ಲಿಯೂ ಬಹುಮಂದಿ ಇದ್ದಿರಲಾರರು. ಆದರೆ ಆ ಬಯಕೆ ಮಾತ್ರ ಮನುಷ್ಯನ ಎದೆಯನ್ನು ಬಿಟ್ಟುಹೋಗಿಲ್ಲ. ದುಡಿದುದು ಸಾಕು, ಗದ್ದಲ ಸಾಕು, ಉಳಿದ ದಿನಗಳನ್ನು ಎಲ್ಲಿಯಾದರೂ ಸದ್ದಿಲ್ಲದ ಕಡೆಯಲ್ಲಿ ಕಳೆಯೋಣ ಎಂಬ ಮಾತು ಪಿಂಚಣಿಯ ವಯಸ್ಸಿಗೆ ಸಮೀಪಿಸಿದವರ ಬಾಯಲ್ಲಿ ಎಲ್ಲ ದೇಶಗಳಲ್ಲಿಯೂ ಕೇಳಿಬರುತ್ತದೆ. ಅಮೇರಿಕೆಯವರಲ್ಲಿ ಅನೇಕರ ಪಾಲಿಗೆ ಈಗ ಆ ಅರಣ್ಯವು ಕಡಲತೀರವಾಗಿ ಪರಿಣಮಿಸಿದೆ. ಅದೂ ಸ್ವದೇಶದ ಕಡಲಲ್ಲ, ಹಿಮವೆಂಬುದನ್ನೇ ಅರಿಯದ ಪರದೇಶದ ಕಡಲು.

ನಮ್ಮೊಡನೆ ಒಂದೇ ಶಾಲೆಯಲ್ಲಿ ಓದಿದ ಸ್ನೇಹಿತರೊಬ್ಬರು ಮೂವತ್ತೈದು ವರ್ಷಗಳಿಂದ ಅಮೇರಿಕಾ ಸಂಯುಕ್ತ ಸಂಸ್ಥಾನದಲ್ಲಿದ್ದಾರೆ. ಬರುವ ವರ್ಷ ಕೆಲಸದಿಂದ ನಿವೃತ್ತರಾಗುವರು. ಮಕ್ಕಳಿಬ್ಬರೂ ಬೇರೆ ಬೇರೆ ಊರುಗಳಲ್ಲಿ ಸಂಸಾರ ಹೂಡಿದ್ದಾರೆ. ಮಧ್ಯ ಅಮೇರಿಕೆಯ ಕೋಸ್ಟರಿಕಾ ದೇಶದಲ್ಲಿ, ನಿಕೋಯಾ ಎಂಬ ಪರ್ಯಾಯದ್ವೀಪದ ತೀರದ ಸಾಮರಾ ಎಂಬ ಹಳ್ಳಿಯಲ್ಲಿ ಮನೆ ಕೊಂಡು ನೆಲಸುವ ಆಲೋಚನೆ ಅವರದು. ಅಲ್ಲಿನ ಅರ್ಧಚಂದ್ರಾಕಾರದ ಕೊಲ್ಲಿ, ತೆರೆಗಳ ರಭಸವನ್ನು ತಡೆಯುವ ದಿಬ್ಬ, ತೆಂಗಿನ ಸಾಲು ಇವನ್ನೆಲ್ಲ ವರ್ಣಿಸಿ ಎಂಟು ಪುಟಗಳ ಪತ್ರ ಬರೆದು ನಮ್ಮ ಅಭಿಪ್ರಾಯವನ್ನು ಕೇಳಿದ್ದಾರೆ. ಪತ್ರದ ಕೊನೆಯಲ್ಲಿ ಅವರ ಪತ್ನಿಯು ತಮ್ಮ ಕೈಯಿಂದ ಒಂದು ಪಂಕ್ತಿಯನ್ನು ಸೇರಿಸಿದ್ದಾರೆ: “ಅಣ್ಣಾ, ಇವರು ಹೇಳುವ ಊರಿನಲ್ಲಿ ನಾನು ಯಾರ ಸಂಗಡ ಮಾತನಾಡಲಿ ಎಂಬುದನ್ನೂ ಸ್ವಲ್ಪ ಯೋಚಿಸಿ ಬರೆಯಿರಿ.” ಎಂಟು ಪುಟಗಳಿಗಿಂತ ಆ ಒಂದು ಪಂಕ್ತಿಯೇ ನಮ್ಮ ಮನಸ್ಸನ್ನು ಹಿಡಿಯಿತು. ಮಕ್ಕಳು ದೂರದೇಶದಲ್ಲಿರುವ ಮನೆಗಳು ಈಗ ನಮ್ಮಲ್ಲಿಯೂ ಬಹಳವಾಗಿರುವುದರಿಂದ ಈ ವಿಚಾರವನ್ನು ಇಲ್ಲಿಯೇ ಪ್ರಸ್ತಾಪಿಸುವುದು ಅನುಚಿತವಾಗಲಾರದು.

ಮೊದಲಿಗೆ ಆ ದೇಶಕ್ಕೆ ಸಲ್ಲತಕ್ಕ ಮನ್ನಣೆಯನ್ನು ಸಲ್ಲಿಸಿಬಿಡೋಣ. ಒಂದು ಕಡೆ ಪೆಸಿಫಿಕ್ ಮಹಾಸಾಗರ, ಇನ್ನೊಂದು ಕಡೆ ಕೆರಿಬಿಯನ್ ಸಮುದ್ರ. ನಡುವೆ ನಮ್ಮ ಕರ್ನಾಟಕದ ಕಾಲುಭಾಗಕ್ಕಿಂತ ತುಸು ಹೆಚ್ಚಾದ ನೆಲ, ಸುಮಾರು 50 ಲಕ್ಷ ಜನ. 1948ರಲ್ಲಿ ಈ ದೇಶವು ತನ್ನ ಸೈನ್ಯವನ್ನೇ ವಿಸರ್ಜಿಸಿತು. ಅದಕ್ಕೂ ಮೊದಲೇ, 1941ರಲ್ಲಿ, ‘ಕಾಹಾ’ ಎಂದು ಜನರು ಕರೆಯುವ ಸಾಮಾಜಿಕ ವಿಮಾ ಸಂಸ್ಥೆಯನ್ನು ಅಲ್ಲಿ ಸ್ಥಾಪಿಸಿದ್ದರು. ಆಸ್ಪತ್ರೆಗಳನ್ನು ಇಂದಿಗೂ ಅದೇ ನಡೆಸುತ್ತಿದೆ. ಊರೂರಿನಲ್ಲಿಯೂ ಅದರ ಚಿಕ್ಕ ಚಿಕಿತ್ಸಾಲಯಗಳುಂಟು. ಅಲ್ಲಿನ ಕೆಲಸಗಾರರು ಮನೆಮನೆಗೆ ಬಂದು ರಕ್ತದ ಒತ್ತಡವನ್ನು ನೋಡಿ, ಮುದುಕರ ಕ್ಷೇಮವನ್ನು ವಿಚಾರಿಸಿ ಬರೆದುಕೊಳ್ಳುವರು. ಸೈನ್ಯಕ್ಕೆ ಹೋಗತಕ್ಕ ಹಣ ಶಾಲೆಗೂ ಆಸ್ಪತ್ರೆಗೂ ಹೋದರೆ ಹೇಗಿರಬಹುದೆಂದು ಉಪಾಧ್ಯಾಯರಾಗಿದ್ದ ನಾವು ಎಷ್ಟೋ ಸಲ ಯೋಚಿಸಿದುದುಂಟು. ಅದನ್ನು ಮಾಡಿ ತೋರಿಸಿದವರ ಮೇಲೆ ನಮಗೆ ಗೌರವವಿದೆ.

ಪರದೇಶದ ಪಿಂಚಣಿದಾರರಿಗೂ ಆ ದೇಶದ ಬಾಗಿಲು ತೆರೆದಿದೆ. 2009ರ ಕಾನೂನಿನಂತೆ, ಜೀವನಪರ್ಯಂತ ತಿಂಗಳಿಗೆ 1,000 ಡಾಲರು ಪಿಂಚಣಿ ಬರುವುದೆಂದು ತೋರಿಸಿಕೊಟ್ಟವನು ಅಲ್ಲಿ ನೆಲಸಲು ಅಪ್ಪಣೆ ಪಡೆಯಬಹುದು. ಆ ಒಂದೇ ಪಿಂಚಣಿಯ ಆಧಾರದ ಮೇಲೆ ಪತ್ನಿಯೂ ಜೊತೆಯಲ್ಲಿರಬಹುದು. ಕಾಹಾಕ್ಕೆ ಚಂದಾ ಕಟ್ಟಲೇಬೇಕು. ಮೂರು ವರ್ಷಗಳು ಕಳೆದ ಮೇಲೆ ಶಾಶ್ವತ ನಿವಾಸಕ್ಕೆ ಅರ್ಜಿ ಹಾಕಬಹುದು. ಇದೆಲ್ಲ ನಮ್ಮ ಸ್ನೇಹಿತರಿಗೆ ಕಂಠಪಾಠವಾಗಿದೆ.

ಅವರ ಉತ್ಸಾಹಕ್ಕೆ ಇನ್ನೊಂದು ಕಾರಣವಿದೆ. ನಿಕೋಯಾ ದೀರ್ಘಾಯುಷ್ಯಕ್ಕೆ ಹೆಸರಾದ ಸೀಮೆ. ಜಪಾನಿನ ಒಕಿನಾವಾ, ಇಟಲಿಯ ಸಾರ್ಡೀನಿಯಾ ಇವುಗಳ ಸಾಲಿನಲ್ಲಿ ಅದನ್ನೂ ಎಣಿಸುವುದುಂಟು. 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು, ಅರವತ್ತು ವಯಸ್ಸಿನ ನಿಕೋಯಾದ ಗಂಡಸು ನೂರು ತುಂಬುವ ಸಂಭವವು ಅದೇ ವಯಸ್ಸಿನ ಜಪಾನೀಯನದಕ್ಕಿಂತ ಏಳು ಪಟ್ಟು ಹೆಚ್ಚೆಂದು ಲೆಕ್ಕಹಾಕಿತು. ಈ ಮಾತನ್ನು ಸ್ನೇಹಿತರು ಪತ್ರದಲ್ಲಿ ಎರಡು ಸಲ ಬರೆದಿದ್ದಾರೆ. ಆದರೆ ಅದೇ ಸಂಶೋಧನೆಯಲ್ಲಿ ಇನ್ನೆರಡು ಮಾತುಗಳಿವೆ. ಊರು ಬಿಟ್ಟು ಹೊರಗೆ ಹೋದವರಲ್ಲಿ ಈ ಹೆಚ್ಚಿನ ಆಯುಸ್ಸು ಕಾಣುವುದಿಲ್ಲವೆಂಬುದು ಒಂದು. ಹೆಂಗಸರಲ್ಲಿ ಅದು ಇಲ್ಲವೇ ಇಲ್ಲವೆಂಬುದು ಇನ್ನೊಂದು. 2023ರ ಮತ್ತೊಂದು ಲೇಖನವು, ಈಚಿನ ತಲೆಮಾರಿನ ಗಂಡಸರಲ್ಲಿಯೂ ಆ ಹೆಚ್ಚಳವು ಕರಗಿಹೋಗುತ್ತಿದೆಯೆಂದು ತೋರಿಸಿದೆ. ನೂರು ಕಂಡ ಆ ಮುದುಕರು ಹುಟ್ಟಿದ ನೆಲದಲ್ಲಿಯೇ ಮೈಮುರಿದು ದುಡಿದು, ಜೋಳದ ರೊಟ್ಟಿ ಹುರುಳಿಯಂಥ ಕಾಳು ತಿಂದು, ಮಕ್ಕಳು ಮೊಮ್ಮಕ್ಕಳ ನಡುವೆ ಮುಪ್ಪಾದವರು. ಅರವತ್ತೈದರಲ್ಲಿ ಮನೆ ಕೊಂಡುಕೊಂಡವನಿಗೆ ಆ ಆಯುಸ್ಸು ಮನೆಯ ಕ್ರಯಪತ್ರದೊಡನೆ ಬರುವುದೆಂದು ನಂಬಲು ನಮಗೆ ಆಧಾರ ಕಾಣದು.

ಇನ್ನು ಆ ತಾಯಿಯ ಪ್ರಶ್ನೆ. ವನಕ್ಕೆ ಹೊರಟವನು ಪತ್ನಿಯನ್ನು ಮಕ್ಕಳಿಗೆ ಒಪ್ಪಿಸಿಯಾದರೂ, ಸಂಗಡ ಕರೆದುಕೊಂಡಾದರೂ ಹೋಗತಕ್ಕದ್ದೆಂದು ಸ್ಮೃತಿಕಾರನು ಎರಡು ದಾರಿಗಳನ್ನು ತೋರಿಸಿದ್ದಾನೆ. ಸಂಗಡ ಹೋದವಳು ಒಂದು ದಿನ ಆ ವನದಲ್ಲಿ ಒಂಟಿಯಾಗಿ ಉಳಿದರೆ ಏನು ಮಾಡತಕ್ಕದ್ದೆಂಬುದನ್ನು ಆತನು ಆ ಸ್ಥಳದಲ್ಲಿ ಹೇಳಿಲ್ಲ. ಆದರೆ ಸಾಮಾನ್ಯವಾಗಿ ನಡೆಯುವುದು ಅದೇ. ಹೆಂಡತಿ ಗಂಡನಿಗಿಂತ ಕೆಲವು ವರ್ಷ ಚಿಕ್ಕವಳು. ಹೆಂಗಸರ ಆಯುಸ್ಸೂ ಸರಾಸರಿಯಲ್ಲಿ ಹೆಚ್ಚು. ಆದುದರಿಂದ ಕಡಲತೀರದ ಮನೆಯನ್ನು ಆರಿಸುವವನು ಗಂಡ, ಅದರಲ್ಲಿ ಕೊನೆಯವರೆಗೆ ಇರಬೇಕಾದವಳು ಹೆಂಡತಿ ಎಂದಾಗುತ್ತದೆ. ಅಮೇರಿಕೆಯ ಸರಕಾರವು ಮುದುಕರಿಗೆ ಕೊಡುವ ‘ಮೆಡಿಕೇರ್’ ಎಂಬ ವೈದ್ಯಸಹಾಯವು ಸಾಮಾನ್ಯವಾಗಿ ಆ ದೇಶದ ಗಡಿಯಿಂದಾಚೆ ಸಲ್ಲುವುದಿಲ್ಲ. ಪರದೇಶದಲ್ಲಿರುವಾಗ ದಂಡವೇಕೆಂದು ಅದರ ಬಿ ಭಾಗದ ಚಂದಾವನ್ನು ನಿಲ್ಲಿಸಿದವರು, ಹಿಂದಿರುಗಿ ಬಂದಾಗ, ಬಿಟ್ಟ ಪ್ರತಿ 12 ತಿಂಗಳಿಗೆ ನೂರಕ್ಕೆ 10ರಂತೆ ಹೆಚ್ಚು ಚಂದಾವನ್ನು ತೆರಬೇಕು. ಉಳಿತಾಯವೆಂದು ಇದನ್ನು ಕೈಬಿಟ್ಟರೆ, ನಾಳೆ ಒಂಟಿಯಾಗಿ ಮಕ್ಕಳ ಬಳಿಗೆ ಮರಳಬೇಕಾದ ಹೆಂಗಸಿನ ದಾರಿಗೇ ಅಡ್ಡಗಟ್ಟೆ ಕಟ್ಟಿದಂತಾಗುವುದು. ಸ್ನೇಹಿತರ ಎಂಟು ಪುಟಗಳಲ್ಲಿ ಇದರ ಸುಳಿವಿಲ್ಲ.

ಮನೆಯ ವಿಚಾರದಲ್ಲಿಯೂ ಎಚ್ಚರ ಬೇಕು. 1977ರ ಕಾನೂನಿನ ಪ್ರಕಾರ ಆ ದೇಶದ ತೀರದಲ್ಲಿ, ಭರತದ ಗೆರೆಯಿಂದ ಒಳಕ್ಕೆ 50 ಮೀಟರು ನೆಲ ಸರ್ವರಿಗೂ ಸೇರಿದುದು. ಅಲ್ಲಿಂದ ಮುಂದಿನ 150 ಮೀಟರನ್ನು ಸ್ಥಳೀಯ ಪುರಸಭೆಯು ಅವಧಿಗೊಪ್ಪಿಸಿ ಕೊಡಬಹುದೇ ಹೊರತು ಮಾರಲಾಗದು. ಐದು ವರ್ಷ ಅಲ್ಲಿ ವಾಸಿಸದ ಪರದೇಶದವನಿಗೆ ಆ ಗೇಣಿಯೂ ಸಿಗದು. ಅದರಿಂದಾಚೆಯ ನೆಲವನ್ನು ಯಾರು ಬೇಕಾದರೂ ಕೊಳ್ಳಬಹುದು. ಆದುದರಿಂದ “ಹೊಸಲು ದಾಟಿದರೆ ಸಮುದ್ರ” ಎಂದು ಮಾರುವವನು ಹೇಳಿದಾಗ, ಅವನು ಮಾರುತ್ತಿರುವುದು ನೆಲವನ್ನೋ ಗೇಣಿಯನ್ನೋ ಎಂದು ಮೊದಲು ಕೇಳತಕ್ಕದ್ದು.

ಪ್ರವಾಸಿಗಳು ಕಾಣುವುದು ಡಿಸೆಂಬರಿನಿಂದ ಏಪ್ರಿಲಿನವರೆಗಿನ ಬಿಸಿಲುಕಾಲವನ್ನು. ಮೇ ತಿಂಗಳಿನಿಂದ ನವೆಂಬರಿನವರೆಗೆ ಮಳೆ. ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಅದು ಪ್ರಬಲ. ಹಳ್ಳಗಳು ಉಕ್ಕುವುವು, ಮಣ್ಣಿನ ದಾರಿಗಳು ಕುಸಿಯುವುವು. ಉಪ್ಪುಗಾಳಿಯು ಬಾಗಿಲ ಬೀಗದಿಂದ ಮೊದಲ್ಗೊಂಡು ಕಬ್ಬಿಣವನ್ನೆಲ್ಲ ತಿನ್ನುವುದೆಂಬುದನ್ನು ಕುಮಟೆ ಹೊನ್ನಾವರಗಳ ಕಡೆಯ ವಾಚಕರಿಗೆ ನಾವು ಹೇಳಬೇಕಾದುದಿಲ್ಲ. 2012ರ ಸೆಪ್ಟೆಂಬರು 5ರಂದು ಆ ಪರ್ಯಾಯದ್ವೀಪದಲ್ಲಿ 7.6 ಪ್ರಮಾಣದ ಭೂಕಂಪವೂ ಆಯಿತು. ದೊಡ್ಡ ಆಸ್ಪತ್ರೆ ನಿಕೋಯಾ ಪಟ್ಟಣದಲ್ಲಿದೆ. ರಾಜಧಾನಿಯಾದ ಸಾನ್ ಹೊಸೆಗೆ ಹೋಗಬೇಕಾದರೆ ನಾಲ್ಕೈದು ತಾಸಿನ ದಾರಿ. ದಾರಿಯಲ್ಲಿ ತೆಂಪಿಸ್ಕೆ ನದಿಗೆ 2003ರಲ್ಲಿ ತೈವಾನಿನವರು ಕಟ್ಟಿಸಿಕೊಟ್ಟ ಸೇತುವೆಯಿದೆ. ಅದಕ್ಕೆ ಸ್ನೇಹಸೇತುವೆಯೆಂದು ಹೆಸರು. ನಾಲ್ಕೇ ವರ್ಷಗಳಲ್ಲಿ ಕೋಸ್ಟರಿಕಾ ತೈವಾನಿನ ಕೈಬಿಟ್ಟು ಚೀನಾದ ಸ್ನೇಹವನ್ನು ಹಿಡಿಯಿತು; ಸೇತುವೆ ಮಾತ್ರ ಇಂದಿಗೂ ಹೊರೆ ಹೊರುತ್ತಿದೆ.

ಶಾಂತವೆಂದು ನಾವು ಕರೆಯುವ ಹಳ್ಳಿ ಅಲ್ಲಿನವರಿಗೆ ಬರಿದಾದ ಸ್ಥಳವಲ್ಲ. ಸಾಮರಾದಿಂದ ಉತ್ತರಕ್ಕೆ ಒಸ್ತಿಯೊನಾಲ್ ಎಂಬ ತೀರವಿದೆ. ಅಲ್ಲಿಗೆ ಕಡಲಾಮೆಗಳು ಸಾವಿರಾರು ಸಂಖ್ಯೆಯಲ್ಲಿ ಒಟ್ಟಿಗೆ ಬಂದು ಮೊಟ್ಟೆಯಿಡುತ್ತವೆ. ಮೊದಲು ಬಂದವು ಇಟ್ಟ ಮೊಟ್ಟೆಗಳನ್ನು ಅನಂತರ ಬಂದವು ಕೆದಕಿ ಕೆಡಿಸುವುದರಿಂದ, ಮೊದಲ ದಿನಗಳ ಮೊಟ್ಟೆಗಳನ್ನು ಎತ್ತಿಕೊಳ್ಳಲು ಹಳ್ಳಿಯವರಿಗೆ ಕಾನೂನಿನ ಅಪ್ಪಣೆಯಿದೆ. ಅದಕ್ಕೆ ಬದಲಾಗಿ ಅವರು ತೀರವನ್ನು ಕಾಯುವರು, ಹೊಸ ಮರಿಗಳು ಕಡಲು ಸೇರುವವರೆಗೆ ನಾಯಿಗಳನ್ನೂ ಹಕ್ಕಿಗಳನ್ನೂ ಓಡಿಸುವರು. ಇಂಥ ಊರುಗಳಲ್ಲಿ ಒಬ್ಬನಿಗೆ ಸ್ಥಾನ ದೊರೆಯುವುದು ಅವನ ಪಾಲಿನ ಕೆಲಸದಿಂದ. ಡಾಲರುಗಳ ಭರದಲ್ಲಿ ನೆಲದ ಬೆಲೆ ಏರಿದಂತೆ ಅಲ್ಲಿನ ಬೆಸ್ತನ ಮಗನಿಗೆ ತನ್ನೂರಿನಲ್ಲಿಯೇ ಮನೆ ಕಟ್ಟುವುದು ಕಷ್ಟವಾಗಿದೆಯೆಂಬುದನ್ನೂ ಹೋಗುವವರು ತಿಳಿದಿರಬೇಕು.

ಹೋಗಲೇಬೇಡಿರೆಂದು ನಾವು ಬರೆದಿಲ್ಲ. ಅನ್ನ ಕಾಳುಗಳನ್ನು ಬೆರೆಸಿದ ‘ಗಾಯೊ ಪಿಂತೊ’ ಎಂಬುದು ಅಲ್ಲಿನವರ ಬೆಳಗಿನ ಊಟ. ಅನ್ನವುಂಡು ಬೆಳೆದವರಿಗೆ ಅದು ಪರಕೀಯವಾಗಲಾರದು. ಮನೆಯನ್ನು ಮಾತ್ರ ಈಗಲೇ ಕೊಳ್ಳಬಾರದು. ಬಾಡಿಗೆಗೆ ಹಿಡಿದು, ಬಿಸಿಲುಕಾಲವನ್ನು ಬಿಟ್ಟು, ಸೆಪ್ಟೆಂಬರು ಅಕ್ಟೋಬರುಗಳನ್ನೇ ಅಲ್ಲಿ ಕಳೆಯಬೇಕು. ಅದಕ್ಕೆ ಮೊದಲು ಇಬ್ಬರೂ ಸ್ಪ್ಯಾನಿಷ್ ಭಾಷೆಯನ್ನು ಕಲಿಯತಕ್ಕದ್ದು. ಒಬ್ಬರಿಗೇ ಕಲಿಯಲು ಪುರಸೊತ್ತಿದ್ದರೆ ಆ ತಾಯಿಯೇ ಕಲಿಯಲಿ. ಆ ಎರಡು ತಿಂಗಳಲ್ಲಿ ವಾರಕ್ಕೊಂದು ದಿನ ಸ್ನೇಹಿತರು ಮನೆಯಲ್ಲಿ ಕುಳಿತಿರಲಿ. ಆ ದಿನ ಪೇಟೆಗೂ, ಚಿಕಿತ್ಸಾಲಯಕ್ಕೂ, ನೆರೆಮನೆಗೂ ಆಕೆಯೊಬ್ಬರೇ ಹೋಗಿಬರಲಿ. ತಮ್ಮ ಮಂಡಿನೋವು ಎಲ್ಲಿದೆ, ಎಂದಿನಿಂದ ಇದೆ ಎಂಬುದನ್ನು ಅಲ್ಲಿನ ವೈದ್ಯನಿಗೆ ತಮ್ಮ ಬಾಯಿಂದಲೇ ಹೇಳಲಿ. ಮನೆ ಕೊಳ್ಳುವ ಮಾತನ್ನು ಆಮೇಲೆ ಆಕೆಯೇ ಎತ್ತಲಿ.